ಅಳಿಸಿದ ಖಾತೆಯ ಪಾಠಗಳು

ಫೆಬ್ರವರಿ ಹದಿನೇಳು, ಸೋಮವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ತೀರ್ಥಹಳ್ಳಿ ಪೊಲೀಸ್ ಠಾಣೆಗೆ ಇಬ್ಬರು ಬಂದರು. ಒಬ್ಬರು ಕೊಪ್ಪ ಸರ್ಕಲ್ ಬಳಿಯ ಶ್ರವಣ ಪುಸ್ತಕಾಲಯದ ಕಾರ್ಯದರ್ಶಿ ಪ್ರದೀಪ. ಇನ್ನೊಬ್ಬಳು ಅವರ ಮೊಣಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದ ಅಪೇಕ್ಷಾ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಊರು ರಿಪ್ಪನ್‌ಪೇಟೆ. ಇಲ್ಲಿಯ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದಳು.

ಇನ್‌ಸ್ಪೆಕ್ಟರ್ ಮಂಜುನಾಥಪ್ಪ ಇಬ್ಬರನ್ನೂ ಕೂರಿಸಿದರು.

"ಎಂತ ಕಳುವಾಯ್ತು?"

"ಕಳುವು ಅಂತ ಹೇಳಕ್ಕೂ ಬರಲ್ಲ ಸರ್. ಕಂಪ್ಯೂಟರ್ ಇದ್ದಲ್ಲೇ ಇದೆ. ನಮ್ಮನ್ನ ಒಳಗೆ ಬಿಡ್ತಾ ಇಲ್ಲ," ಎಂದರು ಪ್ರದೀಪ.

"ಅಂದ್ರೆ?"

"ಪಾಸ್‌ವರ್ಡ್ ತಪ್ಪು ಅಂತಿದೆ. ನಾಲ್ಕು ಖಾತೆ ಇದಾವೆ, ನಾಲ್ಕರದ್ದೂ ಹಾಗೇ. ಶನಿವಾರ ಮಧ್ಯಾಹ್ನದವರೆಗೆ ಸರಿ ಇತ್ತು."

"ರಿಪೇರಿಯವರನ್ನ ಕರೀಬಹುದಿತ್ತಲ್ಲ."

"ಕರೆದೆ ಸರ್. ಸಾಗರದ ಪೂರ್ಣೇಶ್ ಅಂತ, ಇವತ್ತು ಹೇಗೂ ಬರೋನಿದ್ದ. ಫೋನಿನಲ್ಲಿ ಎಲ್ಲ ಕೇಳಿದ. ಒಂದು ಹೋದ್ರೆ ಮರೆವು, ನಾಲ್ಕೂ ಒಟ್ಟಿಗೆ ಹೋದ್ರೆ ಯಾರೋ ಮಾಡಿದ್ದು, ನಾನು ಮುಟ್ಟಿದ್ರೆ ನನ್ನ ತಲೆಗೇ ಬರುತ್ತೆ, ಮೊದಲು ಕಂಪ್ಲೇಂಟ್ ಕೊಡಿ ಅಂದ."

"ಬುದ್ಧಿವಂತ," ಎಂದರು ಮಂಜುನಾಥಪ್ಪ.

ಶ್ರವಣ ಪುಸ್ತಕಾಲಯವೆಂದರೆ ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಇಡುವ ಜಾಗ. ಇರುವುದು ಒಂದೇ ಕಂಪ್ಯೂಟರು. ಅದರಲ್ಲಿ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸೌಕರ್ಯವೂ ಅದರಲ್ಲಿದೆ. ಬಳಸುವ ಒಬ್ಬೊಬ್ಬರಿಗೂ ಒಂದೊಂದು ಖಾತೆ, ಒಂದೊಂದು ಪಾಸ್‌ವರ್ಡು. ಎಲ್ಲ ಖಾತೆಗಳ ಮೇಲೂ ಅಧಿಕಾರವಿರುವ ಯಜಮಾನ ಖಾತೆ ಇನ್ನೊಂದು. ಅದಕ್ಕೆ ರೂಟ್ ಎಂದು ಹೆಸರು. ಇವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ನಿವೃತ್ತ ಅಧ್ಯಾಪಕಿ ವರದಮ್ಮ. ಇತಿಹಾಸದ ಪಾಠಗಳನ್ನೆಲ್ಲ ಓದಿದವರೂ ಅವರೇ. ಕಳೆದ ಶ್ರಾವಣದಲ್ಲಿ ತೀರಿಕೊಂಡಿದ್ದರು.

"ನಿಂದು ಎಂತ ತೊಂದರೆ ಅಮ್ಮ?" ಎಂದು ಮಂಜುನಾಥಪ್ಪ ಹುಡುಗಿಯನ್ನು ಕೇಳಿದರು.

"ಮಾರ್ಚ್ ಒಂದರಿಂದ ಪರೀಕ್ಷೆ ಸರ್. ಹೋದ ವರ್ಷ ಇತಿಹಾಸದಲ್ಲಿ ಹೋಯ್ತು. ಈ ಸಲನೂ ಹೋದ್ರೆ ಓದು ಬಿಡಿಸ್ತೀನಿ ಅಂದಿದಾರೆ ಅಪ್ಪ."

"ಪುಸ್ತಕವನ್ನ ಬೇರೆ ಯಾರಾದ್ರೂ ಓದಿ ಹೇಳಿದ್ರೆ ಆಗಲ್ವಾ?"

"ಈ ಹತ್ತು ದಿನದಲ್ಲಿ ಯಾರು ಓದ್ತಾರೆ ಸರ್, ಎಲ್ಲರಿಗೂ ಅವರವರ ಪರೀಕ್ಷೆ. ಟೀಚರ್ ಪಾಠ ಅಂದ್ರೆ ಬರೀ ಪುಸ್ತಕ ಓದೋದಲ್ಲ. ಎಲ್ಲಿ ನಿಲ್ಲಿಸ್ತಾರೆ, ಎಲ್ಲಿ ಎರಡು ಸಲ ಹೇಳ್ತಾರೆ, ಅದೇ ನಂಗೆ ಗುರುತು. ಪರೀಕ್ಷೇಲಿ ಬರೆಯೋರಿಗೆ ನಾನು ಹೇಳೋದೂ ಅದನ್ನ ನೆನಪು ಮಾಡ್ಕೊಂಡೇ."

"ಹೋದ ವಾರದ ಪಾಠ ನಿನ್ನ ಹತ್ರ ಇರಬೇಕಲ್ಲ?"

ಇದಕ್ಕೆ ಪ್ರದೀಪ ತಲೆ ತಗ್ಗಿಸಿ ಉತ್ತರ ಕೊಟ್ಟರು. ಪುಸ್ತಕಾಲಯದಲ್ಲಿ ಒಂದು ನಿಯಮವಿತ್ತು. ಪಾಠಗಳನ್ನು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡುತ್ತಾರೆ. ಪುಸ್ತಕ ಹಿಂದಿರುಗಿಸುವಂತೆ ಶನಿವಾರ ಮಧ್ಯಾಹ್ನ ಕಾರ್ಡು ವಾಪಸು ಕೊಡಬೇಕು. ಬಂದ ಕೂಡಲೇ ಅದನ್ನು ಅಳಿಸುತ್ತಾರೆ. ಸೋಮವಾರ ಬೆಳಿಗ್ಗೆ ಹೊಸ ಪಾಠ. ಹೀಗಾಗಿ ಶನಿವಾರದಿಂದ ಸೋಮವಾರದವರೆಗೆ ಯಾವ ಮಗುವಿನ ಬಳಿಯೂ ಯಾವ ಪಾಠವೂ ಇರುತ್ತಿರಲಿಲ್ಲ.

"ಯಾರು ಮಾಡಿದ ನಿಯಮ?"

"ನಾನೇ ಸರ್. ಇಲ್ದಿದ್ರೆ ಕಾರ್ಡು ವಾಪಸ್ ಬರ್ತಿರಲಿಲ್ಲ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅರವತ್ತಾರನೆಯ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಆ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಯವರೇ ತನಿಖೆ ಮಾಡಬೇಕು. ಮಂಜುನಾಥಪ್ಪ ಕಾನ್‌ಸ್ಟೇಬಲ್ ಶ್ರಾವ್ಯಾಳನ್ನು ಜೊತೆಗೆ ಕರೆದರು. ಅವಳು ಬಿಸಿಎ ಓದಿ ಇಲಾಖೆಗೆ ಸೇರಿದವಳು.

"ಲಿನಕ್ಸ್ ಬರುತ್ತೇನಮ್ಮ?"

"ಪರೀಕ್ಷೆಗೆ ಓದಿದ್ದೆ ಸರ್. ಪಾಸಾದ ಮೇಲೆ ಮರೆತೆ."

"ಪಾಸಾದೆಯಲ್ಲ, ನಡಿ."

* * *

ಪುಸ್ತಕಾಲಯವಿದ್ದದ್ದು ಕೆರಿಯಪ್ಪ ಎಂಬ ದರ್ಜಿಯ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆ. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳುಗಳು ಸರಿಯಾಗಿದ್ದವು. ಕೀಲಿಕೈ ಮೂರು. ಒಂದು ಪ್ರದೀಪರಲ್ಲಿ. ಇನ್ನೊಂದು ವರದಮ್ಮನವರ ಪತಿ ಚಂದ್ರಯ್ಯನವರಲ್ಲಿ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದವರು, ವಯಸ್ಸು ಅರವತ್ತೆಂಟು, ಪುಸ್ತಕಾಲಯದ ಸಮಿತಿಯ ಸದಸ್ಯರು. ದಿನವೂ ಬಾಗಿಲು ತೆಗೆದು ಗುಡಿಸಿ ಮಕ್ಕಳ ಕಾರ್ಡು ಇಸಿದುಕೊಳ್ಳುತ್ತಿದ್ದವರು ಅವರೇ. ಮೂರನೆಯ ಕೀಲಿಕೈ ಸುಚಿತ್ರಾ ಎಂಬವಳಲ್ಲಿತ್ತು. ವರದಮ್ಮನವರ ನಂತರ ಐದು ತಿಂಗಳು ಅಲ್ಲಿ ಕೆಲಸ ಮಾಡಿದವಳು. ಜನವರಿಯಲ್ಲಿ ಬಿಟ್ಟು ಹೊಸನಗರಕ್ಕೆ ಹೋಗಿದ್ದಳು. ಕೀಲಿಕೈ ಹಿಂದಿರುಗಿಸಿರಲಿಲ್ಲ.

"ಈಗ ಅವಳೇನು ಮಾಡ್ತಾಳೆ?"

"ಮೊಬೈಲಿನಲ್ಲಿ ಪಾಠ ಮಾರೋ ಒಂದು ಕೋಚಿಂಗ್ ಸೆಂಟರು ಸರ್," ಎಂದರು ಪ್ರದೀಪ. ಹೇಳಿದ ಮೇಲೆಯೇ ಅದರ ಅರ್ಥ ಅವರಿಗೆ ಹೊಳೆಯಿತು.

ಪಂಚರಾಗಿ ಕೆಳಗಿನ ಕೆರಿಯಪ್ಪನನ್ನೂ ಪಕ್ಕದ ಹೋಟೆಲಿನವರೊಬ್ಬರನ್ನೂ ಕರೆದರು. ಕೆರಿಯಪ್ಪ ಕತ್ತಿಗೆ ಹಾಕಿಕೊಂಡ ಟೇಪಿನ ಸಮೇತ ಬಂದ.

"ಕಂಪ್ಯೂಟರಿಗೂ ಪಂಚನಾಮೆನಾ ಸರ್? ನನ್ನ ಹೊಲಿಗೆ ಮಿಷಿನ್ನಿಗೂ ಒಂದು ಬರೆದ್ಬಿಡಿ. ಅದೂ ವಾರದಿಂದ ಮುಷ್ಕರ ಮಾಡ್ತಿದೆ."

"ಅದಕ್ಕೆ ಪಾಸ್‌ವರ್ಡ್ ಇದ್ಯಾ?"

"ಅದಕ್ಕಿರೋದು ಹಟ ಮಾತ್ರ."

ಶ್ರಾವ್ಯಾ ಪರದೆಯ ಮೇಲಿದ್ದ ನಾಲ್ಕು ಹೆಸರುಗಳನ್ನು ಓದಿ ಹೇಳಿದಳು. ವರದಮ್ಮನವರ ಹೆಸರು ಇರಲಿಲ್ಲ. ಮಂಜುನಾಥಪ್ಪ ಕೇಳಿದಾಗ ಪ್ರದೀಪ ಹೇಳಿದರು:

"ತೀರಿಕೊಂಡ ಮೇಲೆ ತೆಗೆಸಿದ್ವಿ ಸರ್. ರೂಟ್ ಪಾಸ್‌ವರ್ಡ್ ಅವರು ಯಾರಿಗೂ ಹೇಳಿರಲಿಲ್ಲ. ಪೂರ್ಣೇಶ್ ಬಂದು ಹೇಗೋ ಒಳಗೆ ಹೋಗಿ ಹೊಸ ಪಾಸ್‌ವರ್ಡ್ ಇಟ್ಟ. ಆವತ್ತೇ ಹಳೇ ಖಾತೆ ತೆಗೆಸಿ ಸುಚಿತ್ರಾಗೆ ಹೊಸದು ಮಾಡಿಸಿದೆ."

"ಪಾಸ್‌ವರ್ಡ್ ಗೊತ್ತಿಲ್ದೆ ಒಳಗೆ ಹೋಗಕ್ಕಾಗುತ್ತಾ?" ಎಂದು ಮಂಜುನಾಥಪ್ಪ ಶ್ರಾವ್ಯಾಳ ಕಡೆ ನೋಡಿದರು.

"ಆಗುತ್ತೆ ಸರ್. ಕಂಪ್ಯೂಟರ್ ಎದುರಿಗೆ ಕೂತಿರಬೇಕು, ಅಷ್ಟೇ. ಶುರುವಾಗೋವಾಗ ಒಂದು ಕೀ ಒತ್ತಿ ಹಿಡಿದ್ರೆ ದುರಸ್ತಿಗೆ ಅಂತ ಬೇರೆ ದಾರಿ ತೆರೆಯುತ್ತೆ. ಅದರಲ್ಲಿ ಹೋದ್ರೆ ಪಾಸ್‌ವರ್ಡ್ ಕೇಳದೆ ರೂಟ್ ಅಧಿಕಾರ ಕೊಡುತ್ತೆ. ಆಮೇಲೆ ಯಾರ ಪಾಸ್‌ವರ್ಡ್ ಬೇಕಾದ್ರೂ ಬದಲಾಯಿಸಬಹುದು."

"ಹಾಗಾದ್ರೆ ಪಾಸ್‌ವರ್ಡ್ ಯಾಕೆ ಬೇಕು?"

"ಕೋಣೆಗೆ ಬೀಗ ಇದೆಯಲ್ಲ ಸರ್."

ಮಂಜುನಾಥಪ್ಪ ತಲೆಯಾಡಿಸಿದರು. ದಾರಿ ಗೊತ್ತಿರಬೇಕು, ಕೀಲಿಕೈ ಇರಬೇಕು. ಎರಡೂ ಇದ್ದವರು ಯಾರೆಂಬುದೇ ಈ ಪ್ರಕರಣ. ಅವರು ಪಂಚನಾಮೆ ಬರೆಸಲು ನಿಂತರು. ಮಧ್ಯಾಹ್ನದ ಸೆಕೆ ಏರುತ್ತಿತ್ತು, ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು "ಈ ದಿನ" ಎನ್ನುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ಚಂದ್ರಯ್ಯ ಕೈಚಾಚಿ ಫ್ಯಾನಿನ ಸ್ವಿಚ್ಚು ಆರಿಸಿದರು.

"ಯಾಕೆ ಚಂದ್ರಯ್ಯನವರೇ?"

ಚಂದ್ರಯ್ಯ ತಮ್ಮ ಕೈಯನ್ನೇ ನೋಡಿಕೊಂಡರು. "ತಪ್ಪಾಯ್ತು. ಅಭ್ಯಾಸ," ಎಂದು ಮತ್ತೆ ಹಾಕಿದರು.

ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ಜಪ್ತಿ ಮಾಡಿದರು. ಅಪೇಕ್ಷಾ ಮೆಟ್ಟಿಲ ಕೆಳಗೆ ಕಾದಿದ್ದಳು. ಅದನ್ನು ಹೊತ್ತೊಯ್ಯುವವರ ಹೆಜ್ಜೆಯ ಭಾರ ಕೇಳಿ ಅವಳು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

"ಮಗಾ, ಊಟ ಮಾಡಿದ್ಯಾ?" ಎಂದು ಕೇಳಿದರು, ಹಿಂದೆಯೇ ಇಳಿದು ಬಂದ ಚಂದ್ರಯ್ಯ.

"ಇಲ್ಲ ಅಜ್ಜ. ಪಾಠ ಸಿಗುತ್ತಾ?"

ಚಂದ್ರಯ್ಯ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು.

* * *

ಮಂಗಳವಾರ ಶಿವಮೊಗ್ಗದ ಸೈಬರ್ ಠಾಣೆಯಲ್ಲಿ ಹಾರ್ಡ್ ಡಿಸ್ಕಿನ ನಕಲು ತೆಗೆದರು. ಮೂಲವನ್ನು ಮುಟ್ಟದೆ ನಕಲಿನಲ್ಲೇ ಹುಡುಕಬೇಕೆಂಬುದು ನಿಯಮ. ಶ್ರಾವ್ಯಾ ಸಂಜೆ ಐದಕ್ಕೆ ಫೋನು ಮಾಡಿದಳು.

"ಪಾಸ್‌ವರ್ಡ್‌ಗಳೆಲ್ಲ ಬದಲಾಗಿರೋದು ಹದಿನೈದನೇ ತಾರೀಕು ಸರ್, ಶನಿವಾರ. ಸಂಜೆ ಐದೂ ಹತ್ತಕ್ಕೆ ಯಾರೋ ರೂಟ್ ಆಗಿ ಒಳಗೆ ಬಂದಿದಾರೆ. ಹೊರಗಿನ ಡಿಸ್ಕ್ ಒಂದನ್ನ ಚುಚ್ಚಿದಾರೆ. ಏಳು ಗಂಟೆವರೆಗೆ ಇದ್ರು."

"ಪಾಠಗಳು?"

"ಅದೇ ಸರ್ ಕೆಟ್ಟ ಸುದ್ದಿ. ಇತಿಹಾಸದ ಪಾಠಗಳಿಲ್ಲ. ಆ ಹೊರಗಿನ ಡಿಸ್ಕಿಗೆ ಸಾಗಿಸಿ ಇಲ್ಲಿಂದ ತೆಗೆದಿದಾರೆ. ಅಳಿಸಿದ್ದನ್ನ ಮತ್ತೆ ಎತ್ತಕ್ಕೆ ಸೈಬರ್ ಠಾಣೆಯವರು ನೋಡಿದ್ರು, ಚೂರುಚೂರು ಬರ್ತಿದೆ. ಏನೋ ತಪ್ಪಿ ಮೂರು ಪಾಠ ಮಾತ್ರ ಉಳಿದಿದೆ."

ಮಂಜುನಾಥಪ್ಪನವರಿಗೆ ಹುಡುಗಿಯ ಮಾತು ನೆನಪಾಯಿತು. ಡಿಸ್ಕು ಸಿಕ್ಕರೆ ಪಾಠ, ಸಿಗದಿದ್ದರೆ ಇಲ್ಲ.

"ಉಳಿದ ಮೂರರಲ್ಲಿ ಏನಾದ್ರೂ ಗೊತ್ತಾಗುತ್ತಾ?"

"ಆ ಫೈಲುಗಳ ಒಡೆಯರು ಯಾರು ಅಂತ ನೋಡಿದೆ. ಸುಚಿತ್ರಾ ಅಂತ ಬರುತ್ತೆ."

"ಹೊಸನಗರದವಳು."

"ಹೌದು ಸರ್. ಆದ್ರೆ ಒಂದು ವಿಚಿತ್ರ ಇದೆ. ಮೂರೂ ಫೈಲಿನ ತಾರೀಕು ಆರು ವರ್ಷ ಹಿಂದಿಂದು. ಆಗ ಅವಳಿನ್ನೂ ಕಾಲೇಜಿನಲ್ಲಿದ್ದಳು."

"ದನಿ ಯಾರದ್ದು?"

"ವಯಸ್ಸಾದವರದ್ದು. ವರದಮ್ಮ ಟೀಚರದ್ದೇ ಇರಬೇಕು."

* * *

ಬುಧವಾರ ಬೆಳಿಗ್ಗೆ ಜೀಪು ರಿಪ್ಪನ್‌ಪೇಟೆಯ ಮೇಲೆ ಸಾಗರಕ್ಕೆ ಹೋಯಿತು. ಪೂರ್ಣೇಶನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಮೂವತ್ತರ ಆಸುಪಾಸಿನ ಮನುಷ್ಯ. ಪೊಲೀಸರನ್ನು ನೋಡಿ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಎದ್ದು ನಿಂತ.

"ಶನಿವಾರ ಸಂಜೆ ಎಲ್ಲಿದ್ದೆ?"

"ಇಕ್ಕೇರಿಯಲ್ಲಿ ಸರ್. ಅತ್ತಿಗೆಯ ತಮ್ಮನ ಮದುವೆ ಮಾತುಕತೆ. ದೇವಸ್ಥಾನದಲ್ಲೇ ಕೂತು ಮಾತಾಡಿದ್ದು, ಎಂಟು ಗಂಟೆಯಾಯ್ತು."

"ಸಾಕ್ಷಿ?"

"ಎರಡೂ ಕಡೆಯವರು ಸೇರಿ ನಲವತ್ತು ಜನ. ಭಟ್ಟರೂ ಇದ್ರು. ಮಾತುಕತೆ ಮುರಿದುಬಿತ್ತು ಸರ್, ಹಾಗಾಗಿ ಎಲ್ಲರಿಗೂ ನೆನಪಿರುತ್ತೆ."

ಮಂಜುನಾಥಪ್ಪ ನಗಲಿಲ್ಲ. ಶ್ರಾವ್ಯಾ ಬೇರೆ ಕಡೆ ತಿರುಗಿದಳು.

"ಆರು ವರ್ಷ ಹಿಂದಿನ ಪಾಠ ಸುಚಿತ್ರಾ ಹೆಸರಿನಲ್ಲಿ ಹೇಗೆ ಬಂತು?"

ಪೂರ್ಣೇಶ ಒಂದು ಸ್ಟೂಲಿನ ಮೇಲೆ ಕುಳಿತ.

"ಅದು ನನ್ನ ತಪ್ಪು ಇರಬೇಕು ಸರ್."

"ಹೇಳು."

"ಫೈಲಿನ ಮೇಲೆ ಒಡೆಯರ ಹೆಸರು ಬರೆದಿರಲ್ಲ, ನಂಬರ್ ಇರುತ್ತೆ. ಯಾವ ನಂಬರ್ ಯಾರದ್ದು ಅಂತ ಕಂಪ್ಯೂಟರ್ ಬೇರೆ ಕಡೆ ಇಟ್ಕೊಂಡಿರುತ್ತೆ. ವರದಮ್ಮ ಟೀಚರ್ ನಂಬರ್ ಸಾವಿರದ ಮೂರು. ಪ್ರದೀಪಣ್ಣ ಖಾತೆ ತೆಗಿ ಅಂದ್ರು. ಪಾಠ ಮಕ್ಕಳಿಗೆ ಬೇಕಲ್ಲ ಅಂತ ಫೈಲುಗಳನ್ನ ಹಾಗೇ ಬಿಟ್ಟು ಖಾತೆ ಮಾತ್ರ ಅಳಿಸಿದೆ. ಆಮೇಲೆ ಸುಚಿತ್ರಾಗೆ ಹೊಸ ಖಾತೆ ಮಾಡಿದೆ. ಖಾಲಿ ಬಿದ್ದಿದ್ದ ಸಾವಿರದ ಮೂರನ್ನೇ ಕಂಪ್ಯೂಟರ್ ಅವಳಿಗೆ ಕೊಟ್ಟಿರುತ್ತೆ."

"ಅಂದ್ರೆ ಟೀಚರ್ ಪಾಠಗಳೆಲ್ಲ ಅವಳದ್ದಾಯ್ತು."

"ಕಂಪ್ಯೂಟರಿನ ಲೆಕ್ಕದಲ್ಲಿ ಹೌದು. ಅವಳೇನೂ ಮಾಡಿದ್ದಲ್ಲ."

"ಸೋಮವಾರ ನೀನು ಬರೋದಿತ್ತಲ್ಲ. ಯಾವ ಕೆಲಸಕ್ಕೆ?"

"ಜಾಗ ತುಂಬಿದೆ, ಸುಚಿತ್ರಾ ಖಾತೆಯನ್ನ ಅವಳ ಹೆಸರಿನ ಫೈಲುಗಳ ಸಮೇತ ತೆಗೆದುಹಾಕಬೇಕು ಅಂತ ಪ್ರದೀಪಣ್ಣ ಹೇಳಿದ್ರು. ಅದಕ್ಕೆ ಒಂದೇ ಸಾಲಿನ ಆಜ್ಞೆ ಇದೆ ಸರ್. ಆ ಹೆಸರಿನದ್ದು ಎಲ್ಲಿದ್ರೂ ಹುಡುಕಿ..." ಪೂರ್ಣೇಶ ಅಲ್ಲಿಗೆ ನಿಲ್ಲಿಸಿದ. "ದೇವರೇ. ನಾನು ಸೋಮವಾರ ಬಂದು ಆ ಕೆಲಸ ಮಾಡಿದ್ರೆ ಇತಿಹಾಸದ ಪಾಠ ಒಂದೂ ಉಳೀತಿರಲಿಲ್ಲ."

ಶ್ರಾವ್ಯಾ ಅದನ್ನು ಬರೆದುಕೊಂಡಳು.

"ಆಗಸ್ಟಿನಲ್ಲಿ ನೀನು ಪಾಸ್‌ವರ್ಡ್ ಇಲ್ದೆ ಒಳಗೆ ಹೋದಾಗ ಕೋಣೇಲಿ ಯಾರಿದ್ರು?"

"ಪ್ರದೀಪಣ್ಣ, ಚಂದ್ರಯ್ಯನವರು, ಸುಚಿತ್ರಾ. ಮೂರೂ ಜನ ನೋಡ್ತಾ ನಿಂತಿದ್ರು. ನಾನೂ ಜಂಬದಲ್ಲಿ ಪಾಠ ಹೇಳ್ದಂಗೆ ಹೇಳ್ಕೊಂಡೇ ಮಾಡಿದೆ."

* * *

ಮಧ್ಯಾಹ್ನ ಊಟವಾದ ಮೇಲೆ ಹೊಸನಗರ. ಸುಚಿತ್ರಾ ಕೋಚಿಂಗ್ ಸೆಂಟರಿನ ಹೊರಗೆ ಬಂದು ನಿಂತಳು. ಪ್ರಶ್ನೆ ಕೇಳುವ ಮೊದಲೇ ಕೈಚೀಲದಿಂದ ಕೀಲಿಕೈ ತೆಗೆದು ಶ್ರಾವ್ಯಾಳ ಕೈಗಿಟ್ಟಳು.

"ಕೊಡಕ್ಕೆ ಮರೆತಿದ್ದೆ ಮೇಡಂ. ಕದ್ದಿದ್ದಲ್ಲ."

"ಶನಿವಾರ ಸಂಜೆ?"

"ಇಲ್ಲೇ ಏಳರವರೆಗೆ ಕ್ಲಾಸು. ಕ್ಯಾಮರಾ ಇದೆ, ನೋಡ್ಕೊಳ್ಳಿ." ಶ್ರಾವ್ಯಾ ಒಳಗೆ ಹೋಗಿ ನೋಡಿ ಬಂದಳು. ಮಾತು ನಿಜವಾಗಿತ್ತು.

"ವರದಮ್ಮನವರ ಪಾಠ ನಿನ್ನ ಹೆಸರಿನಲ್ಲಿದೆ. ಗೊತ್ತಿತ್ತಾ?" ಎಂದು ಮಂಜುನಾಥಪ್ಪ ಕೇಳಿದರು.

"ಗೊತ್ತಿತ್ತು ಸರ್. ಚಂದ್ರಯ್ಯ ಮಾವನೇ ತೋರಿಸಿದ್ರು. ಎಂತ ಮಾರಾಯ್ತಿ, ಇಷ್ಟೆಲ್ಲ ಪಾಠ ನೀನು ಯಾವಾಗ ಓದಿದೆ ಅಂತ ನಗಾಡಿದ್ರು. ನಂಗೆ ಅಳು ಬಂತು. ಅದಕ್ಕೆ ಅವರೇ, ಹೋಗ್ಲಿ ಬಿಡು ಮಗಾ ಅಂದ್ರು."

"ಅಲ್ಲಿ ನಿಂದೇನು ಕೆಲಸ?"

"ಪಾಠದ ಶುರು ಕತ್ತರಿಸೋದು. ಟೀಚರ್ ಮೈಕ್ ಹಾಕಿದ ಮೇಲೆ ಪಾಠ ಶುರು ಮಾಡಕ್ಕೆ ಮೊದಲು ಏನೇನೋ ಮಾತಾಡೋರು. ಮಕ್ಕಳಿಗೆ ಕೊಡೋದರಲ್ಲಿ ಅದು ಇರಬಾರದು ಅಂತ ಪ್ರದೀಪ ಸರ್ ಹೇಳಿದ್ರು. ಕತ್ತರಿಸಿದ್ದು ಒಂದು ಕಡೆ, ಕತ್ತರಿಸದ ಮೂಲ ಇನ್ನೊಂದು ಕಡೆ ಇಡ್ತಿದ್ದೆ. ಮೂಲದಿಂದಲೇ ಜಾಗ ತುಂಬಿದ್ದು."

"ಏನು ಮಾತಾಡ್ತಿದ್ರು?"

ಸುಚಿತ್ರಾ ತನ್ನ ಮೊಬೈಲು ತೆಗೆದಳು. ಕತ್ತರಿಸುವುದನ್ನು ಕಲಿಯಲೆಂದು ಒಂದು ಪಾಠದ ಮೂಲವನ್ನು ಇಟ್ಟುಕೊಂಡಿದ್ದಳು. ಗುಂಡಿ ಒತ್ತಿದಳು. ಗರಗರ ಸದ್ದು. ಅದರೊಳಗಿಂದ ಹೆಂಗಸಿನ ದನಿ:

"ರೀ, ಫ್ಯಾನ್ ಬಂದ್ ಮಾಡಿ. ಮಕ್ಕಳಿಗೆ ಗುಂಯ್ ಅಂತ ಕೇಳುತ್ತೆ."

ಟಕ್ ಎಂದು ಸ್ವಿಚ್ಚಿನ ಸದ್ದು. ಗರಗರ ಇಳಿಯುತ್ತ ಬಂದು ನಿಂತಿತು. ಮತ್ತೆ ಅದೇ ದನಿ: "ಸೆಕೆಯಾದ್ರೆ ಹೊರಗೆ ಕೂತ್ಕೊಳ್ಳಿ. ನಾನು ಕರೀತೀನಿ." ಗಂಡಸಿನ ದನಿ, ದೂರದಿಂದ: "ಇಲ್ಲೇ ಇರ್ತೀನಿ, ಓದು ನೀನು." ಅನಂತರ ಪಾಠ ಶುರುವಾಯಿತು.

"ಎಲ್ಲಾ ಪಾಠದಲ್ಲೂ ಹೀಗೇ ಇರುತ್ತಾ?"

"ಎಲ್ಲಾದರಲ್ಲೂ ಸರ್. ಒಂದರಲ್ಲಿ ಸೊಸೈಟಿಗೆ ಹೋಗಿ ಬಂದ್ರಾ ಅಂತ ಕೇಳ್ತಾರೆ. ಒಂದರಲ್ಲಿ ಅಂಗಿಗೆ ಗುಂಡಿ ಇಲ್ಲ ಅಂತ ಬೈತಾರೆ. ಫ್ಯಾನ್ ಮಾತ್ರ ಎಲ್ಲಾದರಲ್ಲೂ."

ಜೀಪು ತೀರ್ಥಹಳ್ಳಿಯ ಕಡೆ ತಿರುಗಿತು. ಬಹಳ ದೂರ ಬಂದ ಮೇಲೆ ಶ್ರಾವ್ಯಾ ಕೇಳಿದಳು: "ಸರ್, ಪಂಚನಾಮೆ ದಿನ..."

"ಹೌದಮ್ಮ," ಎಂದರು ಮಂಜುನಾಥಪ್ಪ.

* * *

ಅನುಮಾನ ಸಾಲದು, ಸಾಕ್ಷಿ ಬೇಕು. ಅಂದು ಸಂಜೆ ಮಂಜುನಾಥಪ್ಪ ಪ್ರದೀಪರನ್ನು ಮತ್ತೆ ವಿಚಾರಿಸಿದರು. ಶನಿವಾರ ಸಂಜೆ ಪ್ರದೀಪ ಶಿವಮೊಗ್ಗದಲ್ಲಿರುವ ಮಗಳ ಕಾಲೇಜಿಗೆ ಹೋಗಿದ್ದರು, ಅದು ಖಚಿತವಾಯಿತು. ಶನಿವಾರ ಬೆಳಿಗ್ಗೆ ಸಮಿತಿಯ ಸಭೆ ನಡೆದಿತ್ತು. ಕತ್ತರಿಸದ ಮೂಲಗಳನ್ನು ತೆಗೆಸುವ ಮಾತು ಬಂದದ್ದು ಅಲ್ಲೇ. ಸುಚಿತ್ರಾಳ ಹೆಸರಿನಲ್ಲಿರುವುದು ಆ ಮೂಲಗಳು ಮಾತ್ರ ಎಂದು ಪ್ರದೀಪ ತಿಳಿದಿದ್ದರು.

"ಯಾರಾದ್ರೂ ಬೇಡ ಅಂದ್ರಾ?"

"ಚಂದ್ರಯ್ಯನವರು, ಹಳೇದು ಇರಲಿ ಬಿಡಿ, ಏನು ಅನ್ನ ಕೇಳುತ್ತಾ ಅಂದ್ರು. ಜಾಗ ಕೇಳುತ್ತೆ ಅಂದೆ. ಎಲ್ಲರೂ ನಕ್ಕರು. ಅವರು ಮತ್ತೆ ಮಾತಾಡಲಿಲ್ಲ." ಪ್ರದೀಪ ಮತ್ತೆ ಹೇಳಿದರು: "ನಾನೂ ನಕ್ಕೆ ಸರ್."

ಕೆರಿಯಪ್ಪನನ್ನೂ ಕೇಳಿದರು. ಶನಿವಾರ ಸಂಜೆ ಮಹಡಿಯಲ್ಲಿ ಹೆಜ್ಜೆಯ ಸದ್ದು ಕೇಳಿತ್ತು. "ಚಂದ್ರಯ್ಯನವರು ದಿನಾ ಸಂಜೆ ಒಬ್ಬರೇ ಮೇಲೆ ಕೂತಿರ್ತಾರೆ ಸರ್. ದಿನಾ ಇರೋದನ್ನ ಯಾರು ಹೇಳ್ತಾರೆ, ನೀವು ಕೇಳಲಿಲ್ಲ."

* * *

ಗುರುವಾರ ಬೆಳಿಗ್ಗೆ ಎಂಟೂವರೆಗೆ ಮಂಜುನಾಥಪ್ಪ, ಶ್ರಾವ್ಯಾ ಮತ್ತು ಪಂಚರು ಸೀಬಿನಕೆರೆಯಲ್ಲಿದ್ದ ಚಂದ್ರಯ್ಯನವರ ಮನೆಗೆ ಹೋದರು. ಆರೋಪಿ ಅರವತ್ತು ದಾಟಿದವರಾದ್ದರಿಂದ ದಸ್ತಗಿರಿಗೆ ಡಿವೈಎಸ್‌ಪಿಯವರ ಅನುಮತಿಯನ್ನು ಮೊದಲೇ ಪಡೆದಿದ್ದರು. ಚಂದ್ರಯ್ಯ ಪೂಜೆ ಮುಗಿಸಿ ಮಡಿಪಂಚೆಯಲ್ಲಿದ್ದರು. ಬಂದವರನ್ನು ನೋಡಿ ಕುರ್ಚಿ ಹಾಕಿದರು.

"ಡಿಸ್ಕ್ ಎಲ್ಲಿದೆ ಚಂದ್ರಯ್ಯನವರೇ?"

ಚಂದ್ರಯ್ಯ ದೇವರ ಕೋಣೆಯ ಕಡೆ ತಿರುಗಿದರು. ಮಂದಾಸನದ ಪಕ್ಕದ ಗೋಡೆಯಲ್ಲಿ ವರದಮ್ಮನವರ ಪಟವಿತ್ತು. ಪಟದ ಕೆಳಗಿನ ಮಣೆಯ ಮೇಲೆ ಅಂಗೈಯಗಲದ ಕಪ್ಪು ಡಿಸ್ಕು, ಅದರ ಮೇಲೆ ಒಂದು ಕುಡಿ ತುಳಸಿ.

"ಚಪ್ಪಲಿ ಬಿಟ್ಟು ಬನ್ನಿ," ಎಂದರು. ಎಲ್ಲರೂ ಬಿಟ್ಟರು. ಶ್ರಾವ್ಯಾ ತುಳಸಿಯನ್ನು ಎತ್ತಿ ಪಟದ ಮುಂದಿಟ್ಟು, ಡಿಸ್ಕನ್ನು ಮಾತ್ರ ಪಂಚರ ಎದುರು ತೆಗೆದುಕೊಂಡಳು.

"ಇದನ್ನ ಯಾಕೆ ಮಾಡಿದ್ರಿ?"

"ಸುಚಿತ್ರಾ ಹೆಸರಲ್ಲಿರೋದೆಲ್ಲ ಸೋಮವಾರ ಹೋಗುತ್ತೆ ಅಂದ್ರು. ನಮ್ಮನೆಯವಳ ಪಾಠನೂ ಅದೇ ಹೆಸರಲ್ಲಿತ್ತು. ಎಕ್ಸ್‌ಚೇಂಜಿನಲ್ಲಿ ನಾವೂ ಹಾಗೇ ಮಾಡ್ತಿದ್ವಿ ಸರ್. ಯಾರಾದ್ರೂ ಹೋದ್ರೆ ಅವರ ನಂಬರನ್ನ ಕೆಲವು ದಿನ ಬಿಟ್ಟು ಹೊಸಬರಿಗೆ ಕೊಡೋದು. ಸತ್ತವರನ್ನ ಕೇಳ್ಕೊಂಡು ಅವರ ಮನೆಗೆ ಫೋನ್ ಬರೋದು. ಇಲ್ಲೂ ಅಂಥದ್ದೇ ಏನೋ ಆಗಿರಬೇಕು ಅಂತ ಅನುಮಾನ ಬಂತು."

"ಅದನ್ನ ಪ್ರದೀಪರಿಗೆ ಹೇಳಬಹುದಿತ್ತು."

"ಹೇಳಬಹುದಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಕ್ಕಳ ಪಾಠ ಉಳಿಸೋರು. ನಂಗೆ ಬೇಕಾಗಿದ್ದು ಪಾಠ ಅಲ್ಲ, ಅದರ ಮೊದಲಿಂದು. ನಾನು ದಿನಾ ಸಂಜೆ ಹೋಗಿ ಅದನ್ನ ಕೇಳ್ತೀನಿ ಅಂತ ಸಮಿತಿಯಲ್ಲಿ ಹೇಗೆ ಹೇಳಲಿ? ಆ ವಯಸ್ಸಾ ನಂದು?"

"ಪಾಠಗಳನ್ನ ಯಾಕೆ ತಗೊಂಡ್ರಿ? ಮೊದಲಿಂದು ಮಾತ್ರ ಸಾಕಿತ್ತಲ್ಲ."

"ಕತ್ತರಿಸಿದ್ದು ಯಾವುದು, ಕತ್ತರಿಸದ್ದು ಯಾವುದು ನಂಗೆ ಗೊತ್ತಾಗಲಿಲ್ಲ. ಆ ಹೆಸರಿನದ್ದೆಲ್ಲ ಒಟ್ಟಿಗೆ ಸಾಗಿಸಿದೆ. ಪೂರ್ಣೇಶ ಬಂದು ನೋಡ್ತಾನಲ್ಲ ಅಂತ ಹೆದರಿಕೆಯಾಗಿ ಪಾಸ್‌ವರ್ಡ್ ಎಲ್ಲ ಬದಲಾಯಿಸಿದೆ. ಇನ್ನೊಂದು ಡಿಸ್ಕ್ ತಂದು ನನಗೆ ಒಂದು ಪ್ರತಿ ಮಾಡ್ಕೊಂಡು, ಮಂಗಳವಾರ ವಾಪಸ್ ಹಾಕೋಣ ಅಂತಿದ್ದೆ. ಸೋಮವಾರನೇ ನೀವು ಬಂದು ಕಂಪ್ಯೂಟರನ್ನ ತಗೊಂಡು ಹೋದ್ರಿ."

"ಆವತ್ತು ಆ ಹುಡುಗಿ ನಿಮ್ಮನ್ನ ಕೇಳಿದಳು."

ಚಂದ್ರಯ್ಯ ಪಟದ ಕಡೆ ತಿರುಗಿದರು.

"ಕೇಳಿದಳು. ಮೇಲೆ ಹೋಗಿ ಕೂತೆ. ಇಳಿದು ಬಂದು ಹೇಳ್ಬೇಕು ಅಂತ ಎರಡು ಸಲ ಎದ್ದೆ. ಪೊಲೀಸು ಅಂದ್ರೆ ಡಿಸ್ಕನ್ನ ತಗೊಂಡೇ ಹೋಗ್ತಾರೆ, ಮತ್ತೆ ಕೊಡಲ್ಲ ಅನ್ನಿಸ್ತು. ಇವಳಿದ್ದಿದ್ರೆ ಆವತ್ತೇ ಕಿವಿ ಹಿಡಿದು ಇಳಿಸಿಕೊಂಡು ಬರ್ತಿದ್ದಳು. ಮಕ್ಕಳ ಪಾಠ ಅಂದ್ರೆ ಅವಳಿಗೆ ದೇವರ ಕೆಲಸ."

"ಪಾಸ್‌ವರ್ಡ್ ಬದಲಾಯಿಸಕ್ಕೆ ವರದಮ್ಮನವರೇ ಕಲಿಸಿದ್ರಾ?" ಎಂದು ಶ್ರಾವ್ಯಾ ಕೇಳಿದಳು.

"ಇಲ್ಲಮ್ಮ. ತನ್ನ ಪಾಸ್‌ವರ್ಡನ್ನ ಅವಳು ನಂಗೂ ಹೇಳಲಿಲ್ಲ. ಹೇಳಬಾರದು ಅಂತ ನಿಯಮ, ಹೇಳಲಿಲ್ಲ. ಪೂರ್ಣೇಶ ಮಾಡೋದನ್ನ ನೋಡಿದ್ದೆ."

ಬೆಳಿಗ್ಗೆ ಒಂಬತ್ತೂ ಹದಿನೈದಕ್ಕೆ ಚಂದ್ರಯ್ಯನವರನ್ನು ದಸ್ತಗಿರಿ ಮಾಡಿದರು. ಅಂಗಿ ಹಾಕಿಕೊಂಡು ಬರಲು ಬಿಟ್ಟರು. ದೇವರ ಮುಂದಿನ ದೀಪ ತಾನಾಗಿ ಆರುವವರೆಗೆ ಪೊಲೀಸರು ಹೊರಡದೆ ಬಾಗಿಲಲ್ಲಿ ನಿಂತರು. ಕಲಮು ಜಾಮೀನು ಕೊಡಬಹುದಾದದ್ದು. ಮಧ್ಯಾಹ್ನ ಠಾಣೆಯಲ್ಲೇ ಜಾಮೀನಾಯಿತು. ಹೊಣೆ ನಿಂತವರು ಫಿರ್ಯಾದಿ ಪ್ರದೀಪರೇ. ಫಿರ್ಯಾದಿಯೇ ಹೊಣೆ ನಿಲ್ಲುವುದನ್ನು ಮಂಜುನಾಥಪ್ಪ ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ. ಅವರು ಕೇಸ್ ಡೈರಿಯಲ್ಲಿ ಕಾರಣದ ಜಾಗದಲ್ಲಿ ಬರೆದರು: "ಆರೋಪಿಗೆ ಯಾವ ಲಾಭದ ಉದ್ದೇಶವೂ ಇದ್ದಂತೆ ಕಂಡುಬಂದಿಲ್ಲ. ಮೃತ ಪತ್ನಿಯು ತನ್ನೊಂದಿಗೆ ಆಡಿದ ಮಾತುಗಳು ಅಳಿಸಿಹೋಗುವುವೆಂಬ ಭಯದಿಂದ ಕೃತ್ಯ ಎಸಗಿರುತ್ತಾನೆ."

* * *

ಶುಕ್ರವಾರ ನ್ಯಾಯಾಲಯ ಪಾಠಗಳ ಪ್ರತಿ ತೆಗೆದು ಮಕ್ಕಳಿಗೆ ಕೊಡಲು ಅಪ್ಪಣೆ ಕೊಟ್ಟಿತು. ಶನಿವಾರ ಬೆಳಿಗ್ಗೆ ಪೂರ್ಣೇಶ ಸಾಗರದಿಂದ ಬೇರೊಂದು ಕಂಪ್ಯೂಟರು ತಂದು ಮಹಡಿಯಲ್ಲಿಟ್ಟ. ಪಾಠಗಳನ್ನು ತುಂಬಿದ. ವರದಮ್ಮ ಎಂಬ ಹೆಸರಿನಲ್ಲಿ ಒಂದು ಖಾತೆ ಮಾಡಿ, ಯಾರಿಗೂ ಹಿಂದೆ ಕೊಟ್ಟಿರದ, ಮುಂದೆ ಕೊಡಲಾಗದ ನಂಬರನ್ನು ಅದಕ್ಕಿಟ್ಟು, ಪಾಠಗಳನ್ನೆಲ್ಲ ಆ ಹೆಸರಿಗೆ ಬರೆದ. ಅನಂತರ ಖಾತೆಗೆ ಬೀಗ ಹಾಕಿದ. ಆ ಹೆಸರಿನಲ್ಲಿ ಇನ್ನು ಯಾರೂ ಒಳಗೆ ಬರುವಂತಿಲ್ಲ.

"ಮೊದಲೇ ಹೀಗೆ ಮಾಡಬೇಕಿತ್ತು ಸರ್," ಎಂದ. "ಹೋದವರ ಖಾತೆಗೆ ಬೀಗ ಹಾಕೋದು ಸರಿಯಾದ ಕ್ರಮ. ಅಳಿಸೋದಲ್ಲ."

ಅಪೇಕ್ಷಾ ಕಾರ್ಡು ಹಿಡಿದು ಮುಂದೆ ಕುಳಿತಿದ್ದಳು. ಪ್ರದೀಪ ಹೇಳಿದರು: "ಈ ಕಾರ್ಡು ಪರೀಕ್ಷೆ ಮುಗಿಯೋವರೆಗೆ ನಿನ್ನ ಹತ್ರನೇ ಇರಲಿ. ಶನಿವಾರ ಅಂತ ತರಬೇಡ."

"ನಂಗೆ ಕತ್ತರಿಸದೆ ಇರೋದು ಕೊಡಿ ಸರ್," ಎಂದಳು ಅವಳು. "ಟೀಚರ್ ಶುರುವಲ್ಲಿ ಏನೋ ಅಂತಿದ್ರು ಅಂತ ಶ್ರಾವ್ಯಾ ಅಕ್ಕ ಹೇಳಿದ್ರು."

ಪಂಚರ ಎದುರು ಒಂದು ಪಾಠವನ್ನು ಕೇಳಿಸಿ ದನಿ ಯಾರದೆಂದು ಗುರುತು ಮಾಡಿಸಬೇಕಾಗಿತ್ತು. ಚಂದ್ರಯ್ಯನವರನ್ನು ಅದಕ್ಕೇ ಕರೆಸಿದ್ದರು. ಕೋಣೆಯ ಯಾವ ವಸ್ತುವನ್ನೂ ಮುಟ್ಟಕೂಡದೆಂದು ಅವರಿಗೆ ತಿಳಿಸಿದ್ದರಿಂದ, ಹೊಸ್ತಿಲ ಹೊರಗೆ ಕೈಕಟ್ಟಿ ನಿಂತಿದ್ದರು. ಶ್ರಾವ್ಯಾ ಗುಂಡಿ ಒತ್ತುವ ಮೊದಲು ಮಂಜುನಾಥಪ್ಪ ಎದ್ದು ಹೋಗಿ ಫ್ಯಾನು ಆರಿಸಿದರು. ರೆಕ್ಕೆಗಳು ನಿಂತವು.

"ರೀ, ಫ್ಯಾನ್ ಬಂದ್ ಮಾಡಿ," ಎಂದಿತು ದನಿ.

"ಬಂದ್ ಆಗಿದೆ," ಎಂದರು ಚಂದ್ರಯ್ಯ, ಹೊಸ್ತಿಲ ಹೊರಗಿನಿಂದ. "ಓದು ನೀನು."